ಅಪಾರ್ಟ್‌ಮೆಂಟ್‌ಗೆ ಟಿವಿ ಆಂಟೆನಾ: ಕಂಪನಿಗಿಂತ ಮೊದಲು ಬಾಲ್ಕನಿಯ ಆಕಾಶವನ್ನು ಆರಿಸಿ

ಆನ್‌ಲೈನ್ ಅಂಗಡಿಗಳಲ್ಲಿ ‘ಎಚ್‌ಡಿ ಡಿಜಿಟಲ್ ಇಂಡೋರ್ ಆಂಟೆನಾ’ ಎಂಬ ಹೆಸರಿನಲ್ಲಿ ತೆಳ್ಳನೆಯ ಕಪ್ಪು ಹಾಳೆಯಂಥ ಆಂಟೆನಾಗಳು ಮಾರಾಟಕ್ಕಿವೆ. ಕಿಟಕಿಯ ಗಾಜಿಗೆ ಅಂಟಿಸಿದರೆ ಸಾಕು, ನೂರಾರು ಚಾನೆಲ್‌ಗಳು ಬರುತ್ತವೆ ಎಂಬ ಮಾತನ್ನು ನಂಬಿ ಅದನ್ನು ಕೊಳ್ಳಬೇಡಿ. ಖಾಸಗಿ ವಾಹಿನಿಗಳೂ ನೆಲದ ಮೇಲಿನ ಗೋಪುರಗಳಿಂದ ಪ್ರಸಾರವಾಗುವ ಅಮೆರಿಕದಂಥ ದೇಶಗಳಿಗಾಗಿ ತಯಾರಾದ ವಸ್ತು ಅದು. ನಮ್ಮಲ್ಲಿ ಖಾಸಗಿ ವಾಹಿನಿಗಳು ಹಾಗೆ ಪ್ರಸಾರವಾಗುವುದಿಲ್ಲ. ದೂರದರ್ಶನವಾದರೂ ತನ್ನ ಬಹುಪಾಲು ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಮಾರ್ಚ್ ವೇಳೆಗೆ ಮುಚ್ಚಿಬಿಟ್ಟಿತು. ಆದ್ದರಿಂದ ಹಳೆಯ ಮನೆಯ ತಾರಸಿಯಿಂದ ಇಳಿಸಿ ತಂದ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಕೂಡ ಹೊಸ ಫ್ಲ್ಯಾಟಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆಂಟೆನಾ ಎಂದರೆ ಉಪಗ್ರಹದ ಕಡೆ ಮುಖ ಮಾಡಿದ ಡಿಶ್ ಎಂದೇ ಅರ್ಥ.

ಡಿಶ್ ಕೊಳ್ಳುವಾಗ ಹೆಚ್ಚಿನವರು ಮೊದಲು ಪ್ಯಾಕೇಜಿನ ಬೆಲೆಯನ್ನೂ ಚಾನೆಲ್‌ಗಳ ಪಟ್ಟಿಯನ್ನೂ ನೋಡಿ ಕಂಪನಿಯನ್ನು ತೀರ್ಮಾನಿಸುತ್ತಾರೆ. ಆಮೇಲೆ ಫಿಟ್ಟಿಂಗ್‌ಗೆ ಬಂದವನು ಬಾಲ್ಕನಿಯಲ್ಲಿ ನಿಂತು, ‘ಇಲ್ಲಿ ಸಿಗ್ನಲ್ ಸಿಗಲ್ಲ ಸಾರ್, ಟೆರೇಸ್ ಪರ್ಮಿಷನ್ ತಗೊಳ್ಳಿ’ ಎಂದು ಹೇಳಿ ಹೊರಟುಹೋಗುತ್ತಾನೆ. ಸ್ವತಂತ್ರ ಮನೆಯವರಿಗೆ ತಾರಸಿಯ ಇಡೀ ಆಕಾಶ ದಕ್ಕಿರುವುದರಿಂದ ಈ ಕ್ರಮದಲ್ಲಿ ತೊಂದರೆಯಾಗುವುದಿಲ್ಲ. ಫ್ಲ್ಯಾಟಿನವರಿಗೆ ದಕ್ಕುವುದು ಬಾಲ್ಕನಿಯಿಂದ ಕಾಣುವ ಆಕಾಶದ ಒಂದು ತುಂಡು ಮಾತ್ರ. ಆ ತುಂಡಿನಲ್ಲಿ ಯಾವ ಉಪಗ್ರಹವಿದೆ ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಕಂಪನಿಯ ಮಾತಿಗೆ ಬರುವುದು ಸರಿಯಾದ ಕ್ರಮ.

ಮೊದಲು ದಿಕ್ಕು

ನಮ್ಮ ದೇಶದ ಡಿಟಿಎಚ್ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನೋಡುವವರ ಪಾಲಿಗೆ ಕದಲದೆ ನಿಂತಿವೆ. ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಉಪಗ್ರಹಗಳು 83ರಿಂದ 108 ಡಿಗ್ರಿಯವರೆಗೆ ಹರಡಿಕೊಂಡಿವೆ. ಹೀಗಾಗಿ ಅವೆಲ್ಲವೂ ನಮಗೆ ದಕ್ಷಿಣ ಮತ್ತು ಪೂರ್ವದ ನಡುವಿನ ಭಾಗದಲ್ಲೇ ಕಾಣಸಿಗುತ್ತವೆ. ಉತ್ತರಕ್ಕೋ ಪಶ್ಚಿಮಕ್ಕೋ ಮಾತ್ರ ತೆರೆದುಕೊಂಡ ಬಾಲ್ಕನಿ ಇರುವವರು ಯಾವ ಕಂಪನಿಯ ಡಿಶ್ಶನ್ನೂ ಮನೆಯಲ್ಲಿ ಕೂರಿಸಲಾರರು. ಅಂಥವರು ತಾರಸಿಯ ವಿಷಯಕ್ಕೆ ನೇರವಾಗಿ ಹೋಗಬಹುದು.

ಬೆಂಗಳೂರಿನಿಂದ ನೋಡಿದಾಗ ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಉಪಗ್ರಹವು ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ 157 ಡಿಗ್ರಿಯ ದಿಕ್ಕಿನಲ್ಲಿ, ಎಂದರೆ ಬಹುತೇಕ ದಕ್ಷಿಣದಲ್ಲಿ, ದಿಗಂತದಿಂದ 73 ಡಿಗ್ರಿಗೂ ತುಸು ಮೇಲೆ ಇರುತ್ತದೆ. ಡಿ2ಎಚ್‌ನ 88 ಡಿಗ್ರಿಯ ಉಪಗ್ರಹ 141ರ ದಿಕ್ಕಿನಲ್ಲಿ 70 ಡಿಗ್ರಿ ಎತ್ತರದಲ್ಲಿದೆ. ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್ 93.5 ಡಿಗ್ರಿಯ ಜಿಸ್ಯಾಟ್-15ರಿಂದ ಬರುತ್ತದೆ. ಅದರ ದಿಕ್ಕು 128, ಎತ್ತರ 66 ಡಿಗ್ರಿ. ಸನ್ ಡೈರೆಕ್ಟ್ ಕೂಡ ಇದೇ ಆಸುಪಾಸಿನದು. ಡಿಶ್ ಟಿವಿಯ 95 ಡಿಗ್ರಿಯ ಉಪಗ್ರಹ ಅದರ ಪಕ್ಕದಲ್ಲೇ ಇದೆ. ಏರ್‌ಟೆಲ್‌ನ 108.2 ಡಿಗ್ರಿಯ ಉಪಗ್ರಹ ಮಾತ್ರ ಇವೆಲ್ಲದರಿಂದ ದೂರ ಸರಿದು, 111ರ ದಿಕ್ಕಿನಲ್ಲಿ, ಎಂದರೆ ಪೂರ್ವಕ್ಕೆ ಹತ್ತಿರವಾಗಿ, 52 ಡಿಗ್ರಿಯಷ್ಟೇ ಎತ್ತರದಲ್ಲಿದೆ. ಕಂಪನಿಗಳು ಉಪಗ್ರಹ ಬದಲಿಸುವುದುಂಟು. ಆದ್ದರಿಂದ ಬುಕ್ ಮಾಡುವ ಮೊದಲು ‘ನಿಮ್ಮ ಡಿಶ್ ಎಷ್ಟು ಡಿಗ್ರಿಯ ಉಪಗ್ರಹಕ್ಕೆ?’ ಎಂದು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು.

ಬೇರೆ ಊರಿನವರಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಫ್ರೀ ಡಿಶ್‌ನ ಉಪಗ್ರಹ ಮಂಗಳೂರಿಗೆ 123ರ ದಿಕ್ಕಿನಲ್ಲಿ 64 ಡಿಗ್ರಿ ಎತ್ತರದಲ್ಲಿದೆ. ಹುಬ್ಬಳ್ಳಿಗೆ ಅದು 129ರ ದಿಕ್ಕಿನಲ್ಲಿ, ಕಲಬುರಗಿಗೆ 135ರ ದಿಕ್ಕಿನಲ್ಲಿದ್ದು, ಎರಡೂ ಕಡೆ ಎತ್ತರ 62 ಡಿಗ್ರಿ.

ವಾಸ್ತು ನೋಡಿ ಕಟ್ಟಿದ ಕಟ್ಟಡಗಳಲ್ಲಿ ಅಡುಗೆಮನೆ ಆಗ್ನೇಯಕ್ಕೆ ಬರುವುದರಿಂದ, ಅದಕ್ಕೆ ಹೊಂದಿಕೊಂಡ ಯುಟಿಲಿಟಿ ಬಾಲ್ಕನಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗವಾಗಿರುತ್ತದೆ. ಹಾಲ್‌ನ ದೊಡ್ಡ ಬಾಲ್ಕನಿಯನ್ನೇ ನೋಡಿ ನಿರಾಶರಾಗುವ ಮುನ್ನ ಅಲ್ಲಿಯೂ ಒಮ್ಮೆ ನಿಂತು ನೋಡಬೇಕು. ಆದರೆ ಬಟ್ಟೆ ಒಣಹಾಕುವ ತಂತಿಯೂ ಅಲ್ಲೇ ಇರುತ್ತದೆ. ಒದ್ದೆ ಬೆಡ್‌ಶೀಟ್ ಡಿಶ್ಶಿನ ಮುಂದೆ ತೂಗಿದರೆ ಸಿಗ್ನಲ್ ನಿಲ್ಲುತ್ತದೆ ಎಂಬುದನ್ನು ಮನೆಯವರಿಗೆಲ್ಲ ಮೊದಲೇ ತಿಳಿಸಿಟ್ಟರೆ ಒಳ್ಳೆಯದು.

ಅಡ್ಡಿಯಾಗುವುದು ಎದುರಿನ ಕಟ್ಟಡವಲ್ಲ, ಮೇಲಿನ ಸ್ಲ್ಯಾಬ್

ಎದುರಿಗೆ ದೊಡ್ಡ ಕಟ್ಟಡವಿದ್ದರೆ ಡಿಶ್ ಕೆಲಸ ಮಾಡುವುದಿಲ್ಲ ಎಂದು ಎಲ್ಲರೂ ಹೆದರುತ್ತಾರೆ. ನಮ್ಮ ಊರಿನ ಮಟ್ಟಿಗೆ ಈ ಹೆದರಿಕೆ ಬಹುಪಾಲು ಅನಗತ್ಯ. 66 ಡಿಗ್ರಿ ಎತ್ತರದ ಉಪಗ್ರಹವನ್ನು 20 ಅಡಿ ದೂರದ ಕಟ್ಟಡ ಮರೆಮಾಡಬೇಕಾದರೆ, ಅದು ನಿಮ್ಮ ಡಿಶ್ಶಿಗಿಂತ 45 ಅಡಿ ಎತ್ತರವಿರಬೇಕು. ನಮಗೆ ಉಪಗ್ರಹಗಳು ಬಹುತೇಕ ತಲೆಯ ಮೇಲೆಯೇ ಇರುವುದರಿಂದ, ನಿಜವಾದ ಅಡ್ಡಿ ಮೇಲಿನ ಮನೆಯ ಬಾಲ್ಕನಿಯ ಸ್ಲ್ಯಾಬ್. ಡಿಶ್ಶಿನ ತಟ್ಟೆಯನ್ನು ನೋಡಿದವರಿಗೆ ಇದು ಹೊಳೆಯದಿರಲು ಕಾರಣವಿದೆ. ಮನೆಬಳಕೆಯ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ತಟ್ಟೆಯ ಮುಖ ಎತ್ತ ತಿರುಗಿದೆಯೋ ಅದಕ್ಕಿಂತ ಇಪ್ಪತ್ತನಾಲ್ಕು-ಇಪ್ಪತ್ತೈದು ಡಿಗ್ರಿಯಷ್ಟು ಮೇಲಿನ ಆಕಾಶವನ್ನು ಅವು ನೋಡುತ್ತಿರುತ್ತವೆ.

ಆದ್ದರಿಂದ ಅಳತೆ ಟೇಪು ತೆಗೆದುಕೊಂಡು ಬಾಲ್ಕನಿಗೆ ಹೋಗಿ, ಡಿಶ್ಶಿನ ಮೇಲಂಚು ಎಲ್ಲಿಗೆ ಬರುತ್ತದೆ ಎಂದು ಅಂದಾಜಿಸಿ, ಅಲ್ಲಿಂದ ಮೇಲಿನ ಸ್ಲ್ಯಾಬಿನ ತಳಕ್ಕೆ ಎಷ್ಟು ಅಡಿ ಇದೆ ಎಂದು ಅಳೆಯಿರಿ. ಮೇಲೆ ಬೀಮ್ ಇಳಿಬಿದ್ದಿದ್ದರೆ ಬೀಮಿನ ತಳದವರೆಗೆ ಅಳೆಯಬೇಕು. ಈ ಅಂತರ 5 ಅಡಿ ಎಂದುಕೊಳ್ಳೋಣ.

ನೇರ ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯಾದರೆ, ಏರ್‌ಟೆಲ್ ಡಿಶ್ ಸ್ಲ್ಯಾಬಿನ ಅಂಚಿನಿಂದ ಮೂರೂವರೆ ಅಡಿ ಒಳಗಿದ್ದರೂ ಉಪಗ್ರಹ ಕಾಣುತ್ತದೆ. ಫ್ರೀ ಡಿಶ್ ಮತ್ತು ಡಿಶ್ ಟಿವಿಗೆ ಒಂದೂ ಮುಕ್ಕಾಲು ಅಡಿಯ ಒಳಗೆ ಇರಬೇಕು. ಡಿ2ಎಚ್‌ಗೆ ಒಂದು ಅಡಿ. ಟಾಟಾ ಪ್ಲೇಗೆ ಉಳಿಯುವುದು ಏಳೇ ಅಂಗುಲ. ಅಂದರೆ ಡಿಶ್ಶನ್ನು ರೇಲಿಂಗಿನ ಹೊರಗೆ ತೂಗುಹಾಕದೆ ಬೇರೆ ದಾರಿಯಿಲ್ಲ. ಆಗ್ನೇಯಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಏರ್‌ಟೆಲ್‌ಗೆ ಮೂರೂವರೆ, ಫ್ರೀ ಡಿಶ್‌ಗೆ ಎರಡು, ಟಾಟಾ ಪ್ಲೇಗೆ ಒಂದೂಕಾಲು ಅಡಿ ಸಿಗುತ್ತದೆ. ನೇರ ದಕ್ಷಿಣದ ಬಾಲ್ಕನಿಯಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಲೆಕ್ಕ, ಸುಮಾರು ಒಂದೂ ಕಾಲು ಅಡಿ. ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಒಂದೇ ಸಮತಲದಲ್ಲಿರುವುದೇ ಇದಕ್ಕೆ ಕಾರಣ. ಆದರೆ ಅಂಥ ಬಾಲ್ಕನಿಯ ಎಡಬದಿಯಲ್ಲಿ, ಎಂದರೆ ಪೂರ್ವದ ಕಡೆ, ಅಡ್ಡಗೋಡೆಯಿದ್ದರೆ ಏರ್‌ಟೆಲ್‌ನ ದಾರಿ ಮುಚ್ಚಿಹೋಗುತ್ತದೆ. ಟಾಟಾ ಪ್ಲೇಗೆ ಅದರಿಂದ ಬಾಧಕ ಕಡಿಮೆ.

ನಿಮ್ಮ ಅಂತರ 5 ಅಡಿಯಲ್ಲದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಇಲ್ಲಿಂದ ಹೊರಡುವ ಒಂದು ಸುಲಭ ಉಪಾಯವೆಂದರೆ ಡಿಶ್ಶನ್ನು ಆದಷ್ಟು ಕೆಳಗೆ, ಆದಷ್ಟು ಹೊರಗೆ ಕೂರಿಸುವುದು. ರೇಲಿಂಗಿನ ಮೇಲಿನ ಪೈಪಿಗಿಂತ ನಡುವಿನ ಪೈಪಿಗೆ ಕ್ಲ್ಯಾಂಪ್ ಹಾಕಿಸಿದರೆ ಸ್ಲ್ಯಾಬಿನ ಅಂತರ ಒಂದೂವರೆ ಅಡಿ ಹೆಚ್ಚುತ್ತದೆ. ಫಿಟ್ಟಿಂಗಿನವರು ಅಭ್ಯಾಸಬಲದಿಂದ ಎತ್ತರದ ಜಾಗವನ್ನೇ ಹುಡುಕುತ್ತಾರೆ. ತಾರಸಿಯಲ್ಲಿ ಸರಿಯಾದ ಆ ಅಭ್ಯಾಸ ಬಾಲ್ಕನಿಯಲ್ಲಿ ತಿರುಗುಬಾಣವಾಗುತ್ತದೆ.

ಸೂರ್ಯನನ್ನೇ ಸಾಕ್ಷಿಗೆ ಕರೆಯಬಹುದು

ಲೆಕ್ಕದ ಮೇಲೆ ನಂಬಿಕೆ ಬಾರದವರಿಗೆ ವರ್ಷಕ್ಕೆ ಎರಡು ಬಾರಿ ಕಣ್ಣಾರೆ ನೋಡುವ ಅವಕಾಶವಿದೆ. ಮಾರ್ಚ್ ನಡುಭಾಗದಲ್ಲಿಯೂ ಸೆಪ್ಟೆಂಬರ್ ಕೊನೆಯಲ್ಲಿಯೂ ಕೆಲವು ದಿನ ಸೂರ್ಯ ಈ ಉಪಗ್ರಹಗಳ ಹಿಂದೆಯೇ ಹಾದುಹೋಗುತ್ತಾನೆ. ಬೆಂಗಳೂರಿನಲ್ಲಿ ಮಾರ್ಚ್ 14ರ ಹಿಂದೆಮುಂದೆ ಬೆಳಿಗ್ಗೆ 10 ಗಂಟೆ 7 ನಿಮಿಷದ ವೇಳೆಗೆ ಏರ್‌ಟೆಲ್‌ನ, 11.15ಕ್ಕೆ ಫ್ರೀ ಡಿಶ್‌ನ, ಮಧ್ಯಾಹ್ನ 12 ಕಳೆದು ನಾಲ್ಕೈದು ನಿಮಿಷಕ್ಕೆ ಟಾಟಾ ಪ್ಲೇಯ ಉಪಗ್ರಹ ಇರುವ ಸ್ಥಳದಲ್ಲಿ ಸೂರ್ಯನಿರುತ್ತಾನೆ. ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಈ ವೇಳೆಗಳು ಸುಮಾರು ಇಪ್ಪತ್ತು ನಿಮಿಷ ಮೊದಲೇ ಬರುತ್ತವೆ. ಆ ಹೊತ್ತಿನಲ್ಲಿ ಡಿಶ್ ಕೂರಿಸಬೇಕೆಂದಿರುವ ಜಾಗದಲ್ಲಿ ಎರಡಡಿ ಅಗಲದ ರಟ್ಟನ್ನು ಹಿಡಿಯಿರಿ. ರಟ್ಟಿನ ಮೇಲೆ ಪೂರ್ತಿ ಬಿಸಿಲು ಬಿದ್ದರೆ ಉಪಗ್ರಹದ ಸಿಗ್ನಲ್ಲೂ ಅಲ್ಲಿಗೆ ಬೀಳುತ್ತದೆ. ಅರ್ಧ ಬಿಸಿಲು ಅರ್ಧ ನೆರಳಾದರೆ ಡಿಶ್ಶಿಗೂ ಅರ್ಧವೇ ಗತಿ. ನೆರಳು ಮರದ ಕೊಂಬೆಯದಾಗಿದ್ದರೆ ಅದನ್ನೂ ಅಡ್ಡಿ ಎಂದೇ ಎಣಿಸಬೇಕು. ಒದ್ದೆ ಎಲೆಗಳು ಸಿಗ್ನಲ್ಲನ್ನು ಹೀರಿಕೊಳ್ಳುತ್ತವೆ.

ಉಳಿದ ತಿಂಗಳುಗಳಲ್ಲಿ ಮೊಬೈಲಿನ ದಿಕ್ಸೂಚಿಯನ್ನು ಬಳಸಬಹುದು. ಕ್ಯಾಮೆರಾ ಮೂಲಕ ಉಪಗ್ರಹದ ಸ್ಥಾನ ತೋರಿಸುವ ಆ್ಯಪ್‌ಗಳೂ ಇವೆ. ಆದರೆ ಕಬ್ಬಿಣದ ಗ್ರಿಲ್ಲಿಗೆ ತಾಗಿಸಿಕೊಂಡು ಹಿಡಿದ ಮೊಬೈಲ್ ದಿಕ್ಕನ್ನು ತಪ್ಪಾಗಿ ತೋರಿಸುತ್ತದೆ. ಗ್ರಿಲ್ಲಿನಿಂದ ನಾಲ್ಕಾರು ಅಡಿ ದೂರ ನಿಂತು ಓದಿದ ಅಂಕಿಯನ್ನಷ್ಟೇ ನಂಬಬೇಕು.

ಒಪ್ಪಿಗೆ ಮತ್ತು ತಾರಸಿ

ಬಾಲ್ಕನಿಯಲ್ಲಿ ಆಕಾಶವಿಲ್ಲದವರು ತಾರಸಿಗೆ ಹೋಗಬೇಕಾಗುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಮುಖ್ಯ ಗೋಡೆಗಳನ್ನೂ ಛಾವಣಿಯನ್ನೂ ಎಲ್ಲರಿಗೂ ಸೇರಿದ ಭಾಗಗಳೆಂದು ಎಣಿಸುತ್ತದೆ. ಆದ್ದರಿಂದ ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ. ರೇಲಿಂಗಿನ ಹೊರಗೆ ಚಾಚುವ ಡಿಶ್ಶಿಗೂ ಇದೇ ಮಾತು. ಅರ್ಜಿಯಲ್ಲಿ ಡಿಶ್ಶಿನ ಅಳತೆ, ಕೂರಿಸುವ ಜಾಗ, ಕೇಬಲ್ ಯಾವ ಶಾಫ್ಟಿನಲ್ಲಿ ಇಳಿಯುತ್ತದೆ ಎಂಬುದನ್ನೆಲ್ಲ ಬರೆದು ಕೊಟ್ಟರೆ ತಕರಾರು ಕಡಿಮೆಯಾಗುತ್ತದೆ. ತಾರಸಿಯ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದರೆ ಅಲ್ಲಿ ಡ್ರಿಲ್ ಮಾಡಲು ಯಾವ ಅಸೋಸಿಯೇಷನ್ನೂ ಬಿಡುವುದಿಲ್ಲ, ಬಿಡಲೂಬಾರದು. ಪ್ಯಾರಪೆಟ್ ಗೋಡೆಯ ಒಳಮುಖಕ್ಕೆ ಕೂರಿಸುವುದಾಗಿ ಹೇಳಿದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು.

ಕೆಲವು ಕಟ್ಟಡಗಳಲ್ಲಿ ಬಿಲ್ಡರ್‌ಗಳೇ ತಾರಸಿಯಲ್ಲಿ ಒಂದು ಸಾಮೂಹಿಕ ಡಿಶ್ ನಿಲ್ಲಿಸಿ, ಮಲ್ಟಿಸ್ವಿಚ್ ಮೂಲಕ ಪ್ರತಿ ಮನೆಗೂ ಸಿಗ್ನಲ್ ಹಂಚಿರುತ್ತಾರೆ. ಹಾಗಿದ್ದರೆ ಯಾವ ಕಂಪನಿಯ ಉಪಗ್ರಹಕ್ಕೆ ಅದನ್ನು ತಿರುಗಿಸಿದ್ದಾರೆ ಎಂದು ತಿಳಿದು, ಅದೇ ಕಂಪನಿಯ ಬಾಕ್ಸ್ ಕೊಳ್ಳುವುದು ಎಲ್ಲಕ್ಕಿಂತ ಜಾಣತನದ ಆಯ್ಕೆ. ಚಾನೆಲ್ ಪ್ಯಾಕ್‌ನಲ್ಲಿ ತಿಂಗಳಿಗೆ ಮೂವತ್ತು-ನಲವತ್ತು ರೂಪಾಯಿ ಉಳಿಸಲು ಹೋಗಿ ಬೇರೆ ಕಂಪನಿ ಹಿಡಿದು, ಸ್ವಂತ ಡಿಶ್ಶಿಗಾಗಿ ಪರದಾಡುವುದು ಲಾಭದ ಲೆಕ್ಕವಲ್ಲ.

ಅಳತೆ, ತೂಕ, ಹಿಡಿತ

ಡಿಟಿಎಚ್ ಕಂಪನಿಗಳು ತಾವೇ ಡಿಶ್ ಕೊಡುವುದರಿಂದ ಅಳತೆಯ ಪ್ರಶ್ನೆ ಎದುರಾಗುವುದು ಮುಖ್ಯವಾಗಿ ಫ್ರೀ ಡಿಶ್ ಕೊಳ್ಳುವವರಿಗೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಡಿಶ್, ಎಲ್‌ಎನ್‌ಬಿ (ತಟ್ಟೆಯ ಮುಂದೆ ಚಾಚಿದ ಕಡ್ಡಿಯ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಉಪಕರಣ), ಸೆಟ್‌ಟಾಪ್ ಬಾಕ್ಸ್ ಎಲ್ಲ ಸೇರಿ ಸುಮಾರು 2,000 ರೂಪಾಯಿಯ ಒಂದೇ ಬಾರಿಯ ಖರ್ಚು. ಚಂದನ ಮತ್ತಿತರ ದೂರದರ್ಶನ ವಾಹಿನಿಗಳೊಂದಿಗೆ ಹಲವು ಖಾಸಗಿ ವಾಹಿನಿಗಳೂ ಬರುತ್ತವೆ. ಆದರೆ ಹಿಂದಿಯವೇ ಹೆಚ್ಚು. ಕನ್ನಡದ ಜನಪ್ರಿಯ ಮನರಂಜನಾ ವಾಹಿನಿಗಳ ಧಾರಾವಾಹಿಗಳಿಗಾಗಿ ಟಿವಿ ನೋಡುವವರಿರುವ ಮನೆಯಲ್ಲಿ ಇದೊಂದರಿಂದ ಸಮಾಧಾನವಾಗುವುದು ಕಷ್ಟ.

60 ಸೆಂಟಿಮೀಟರ್ ಡಿಶ್ ಬೆಂಗಳೂರಿಗೆ ಸಾಕು. 90 ಸೆಂಟಿಮೀಟರಿನ ಡಿಶ್ ಎರಡೂಕಾಲು ಪಟ್ಟು ಹೆಚ್ಚು ಸಿಗ್ನಲ್ ಹಿಡಿಯುವುದು ನಿಜ, ಆದರೆ ಅಷ್ಟೇ ಪಟ್ಟು ಹೆಚ್ಚು ಗಾಳಿಯನ್ನೂ ಹಿಡಿಯುತ್ತದೆ. ಹತ್ತನೆಯ ಮಹಡಿಯ ರೇಲಿಂಗಿಗೆ ಅದನ್ನು ಕಟ್ಟಿಸಬೇಡಿ. ದೊಡ್ಡ ಡಿಶ್ಶಿನ ನೋಟ ಕಿರಿದಾಗುವುದರಿಂದ ಸ್ವಲ್ಪ ಅಲುಗಿದರೂ ಗುರಿ ತಪ್ಪುತ್ತದೆ. ಮಂಗಳೂರು, ಉಡುಪಿಯ ಕಡೆ ತಾರಸಿಯಲ್ಲಿ ಜಾಗವಿದ್ದರೆ, ಜೋರು ಮಳೆಗೆ ತಡೆದುಕೊಳ್ಳಲು 75 ಅಥವಾ 90 ಸೆಂಟಿಮೀಟರಿನದನ್ನು ಕೊಳ್ಳಬಹುದು. ಕಡಲಗಾಳಿಗೆ ಮೊದಲು ತುಕ್ಕು ಹಿಡಿಯುವುದು ತಟ್ಟೆಗಿಂತ ಅದರ ನಟ್ಟು-ಬೋಲ್ಟುಗಳಿಗೆ. ಅವುಗಳನ್ನು ಸ್ಟೇನ್‌ಲೆಸ್ ಸ್ಟೀಲಿನವಾಗಿ ಬದಲಾಯಿಸಿಕೊಳ್ಳುವುದು ಸಣ್ಣ ಖರ್ಚಿನ ಕೆಲಸ.

ಗಾಜಿನ ರೇಲಿಂಗ್ ಇರುವ ಹೊಸ ಫ್ಲ್ಯಾಟುಗಳಲ್ಲಿಯೂ ಗೋಡೆ ಕೊರೆಯಲು ಮಾಲೀಕರು ಬಿಡದ ಬಾಡಿಗೆ ಮನೆಗಳಲ್ಲಿಯೂ ಇನ್ನೊಂದು ದಾರಿಯಿದೆ. 20 ಲೀಟರಿನ ಖಾಲಿ ಪೇಂಟ್ ಡಬ್ಬದ ನಡುವೆ ಕಬ್ಬಿಣದ ಪೈಪನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಕಾಂಕ್ರೀಟ್ ತುಂಬಿದರೆ ಐವತ್ತು ಕಿಲೋಗೆ ಹತ್ತಿರದ ಪೀಠ ಸಿದ್ಧವಾಗುತ್ತದೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಪೈಪು ವಾಲದಂತೆ ಕಟ್ಟಿ ನಿಲ್ಲಿಸಬೇಕು. ಪೈಪು ಓರೆಯಾದರೆ ಡಿಶ್ಶಿನ ಮೇಲೆ ಬರೆದಿರುವ ಡಿಗ್ರಿಯ ಗುರುತುಗಳೆಲ್ಲ ಸುಳ್ಳಾಗುತ್ತವೆ. ಈ ಪೀಠ ಬಾಲ್ಕನಿಯೊಳಗೆ ಇಡಲಷ್ಟೇ ಯೋಗ್ಯ. ಕಿಟಕಿಯ ಮೇಲೆ ಹೊರಚಾಚಿದ ಸಜ್ಜೆಯ ಮೇಲೆ ಇದನ್ನು ಎಂದಿಗೂ ಇಡಬಾರದು.

ಕೇಬಲ್‌ನಲ್ಲಿ ಉಳಿತಾಯ ಬೇಡ

ಸಿಗ್ನಲ್ ಕೈಕೊಡುವ ಮನೆಗಳಲ್ಲಿ ದೋಷ ಡಿಶ್ಶಿನಲ್ಲಿರುವುದಕ್ಕಿಂತ ಕೇಬಲ್ಲಿನಲ್ಲಿಯೂ ಅದರ ತುದಿಯ ಕನೆಕ್ಟರಿನಲ್ಲಿಯೂ ಇರುವುದೇ ಹೆಚ್ಚು. ಬೇಕಾದದ್ದು ಆರ್‌ಜಿ-6 ಕೇಬಲ್. ಅಂಗಡಿಯಲ್ಲಿ ಅದರ ಒಂದು ತುದಿಯನ್ನು ಸುಲಿಸಿ, ನಡುವಿನ ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ. ಕೆಂಪು ಬಣ್ಣ ಒಳಗೂ ಇದ್ದರೆ ಅದು ಪೂರ್ತಿ ತಾಮ್ರ. ಕೆರೆದಲ್ಲಿ ಬೆಳ್ಳಗೆ ಕಂಡು, ಅಯಸ್ಕಾಂತಕ್ಕೂ ಅಂಟಿಕೊಂಡರೆ ತಾಮ್ರದ ಲೇಪವಿರುವ ಉಕ್ಕು. ಬಾಲ್ಕನಿಯಿಂದ ಹಾಲಿಗೆ ಹೋಗುವ ಹತ್ತು ಮೀಟರಿಗೆ ಎರಡನೆಯದೂ ನಡೆಯುತ್ತದೆ. ತಾರಸಿಯಿಂದ ಏಳೆಂಟು ಮಹಡಿ ಇಳಿಯುವುದಾದರೆ ಪೂರ್ತಿ ತಾಮ್ರದ್ದೇ ಕ್ಷೇಮ. ಸೆಟ್‌ಟಾಪ್ ಬಾಕ್ಸ್ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಇದೇ ತಂತಿಯಲ್ಲಿ ಕಳಿಸುತ್ತದೆ. ಆ ವೋಲ್ಟೇಜಿನ ವ್ಯತ್ಯಾಸದ ಮೇಲೆಯೇ ಎಲ್‌ಎನ್‌ಬಿ ಯಾವ ಗುಂಪಿನ ಚಾನೆಲ್‌ಗಳನ್ನು ಕೊಡಬೇಕೆಂದು ತೀರ್ಮಾನಿಸುತ್ತದೆ. ಉದ್ದದ ಉಕ್ಕಿನ ತಂತಿಯಲ್ಲಿ ವೋಲ್ಟೇಜ್ ಸೊರಗಿದಾಗ ಅರ್ಧ ಚಾನೆಲ್‌ಗಳು ಬಂದು ಇನ್ನರ್ಧ ಮಾಯವಾಗುತ್ತವೆ. ಜನ ಇದನ್ನು ಬಾಕ್ಸ್ ಕೆಟ್ಟಿತೆಂದು ತಿಳಿಯುತ್ತಾರೆ.

ಇದೇ ಕಾರಣಕ್ಕೆ, ಎರಡು ಟಿವಿಗಳಿಗೆ ಎರಡು ಬಾಕ್ಸ್ ಇದ್ದಾಗ ಒಂದೇ ಕೇಬಲ್ಲಿಗೆ ಸಾಮಾನ್ಯ ಸ್ಪ್ಲಿಟರ್ ಹಾಕಿ ಕವಲೊಡೆಸಬಾರದು. ಒಂದು ಬಾಕ್ಸ್ 13, ಇನ್ನೊಂದು 18 ವೋಲ್ಟ್ ಕಳಿಸಿ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿಸಿ, ಎರಡು ಪ್ರತ್ಯೇಕ ಕೇಬಲ್ ಎಳೆಸಬೇಕು.

ಹೊರಗಿನ ಬಿಸಿಲು-ಮಳೆಗೆ ಕಪ್ಪು ಹೊದಿಕೆಯ ಕೇಬಲ್ ಬಿಳಿಯದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಎಲ್‌ಎನ್‌ಬಿಯ ಕನೆಕ್ಟರಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿಸಿ. ಕೇಬಲ್ ಗೋಡೆಯೊಳಗೆ ನುಗ್ಗುವ ಮೊದಲು ಒಂದು ಸಣ್ಣ ಜೋಲು ಬಿಡಿಸಿದರೆ, ತಂತಿಗುಂಟ ಇಳಿದ ನೀರು ಮನೆಯೊಳಗೆ ಬಾರದೆ ಆ ಜೋಲಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೂರಿಸುವ ದಿನ

ಫಿಟ್ಟಿಂಗಿನವರು ಬಂದಾಗ ಟಿವಿಯ ಮುಂದೆ ನೀವೇ ನಿಲ್ಲಿ. ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂಬ ಎರಡು ಪಟ್ಟಿಗಳು ಕಾಣುತ್ತವೆ. ಸ್ಟ್ರೆಂತ್ ಯಾವ ಉಪಗ್ರಹದತ್ತ ತಿರುಗಿದರೂ ಏರಬಹುದು. ನೋಡಬೇಕಾದದ್ದು ಕ್ವಾಲಿಟಿಯನ್ನು. 93.5 ಮತ್ತು 95 ಡಿಗ್ರಿಯ ಉಪಗ್ರಹಗಳ ನಡುವೆ ಒಂದೂವರೆ ಡಿಗ್ರಿಯಷ್ಟೇ ಅಂತರವಿರುವುದರಿಂದ, ಫ್ರೀ ಡಿಶ್ ಕೂರಿಸುವಾಗ ಪಕ್ಕದ ಉಪಗ್ರಹಕ್ಕೆ ಗುರಿಯಾಗಿ ಸ್ಟ್ರೆಂತ್ ತುಂಬಿ ಕ್ವಾಲಿಟಿ ಸೊನ್ನೆಯಲ್ಲೇ ನಿಲ್ಲುವುದುಂಟು. ಡಿಶ್ಶಿನ ಗುರಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ನಿಧಾನವಾಗಿ ತಿರುಗಿಸಿ, ಕ್ವಾಲಿಟಿ ಅತ್ಯಂತ ಹೆಚ್ಚಾಗುವಲ್ಲಿ ಬಿಗಿ ಮಾಡಿಸಬೇಕು. ನಮ್ಮ ಊರಿನಿಂದ ಉಪಗ್ರಹ ಪೂರ್ವಕ್ಕೆ ಸರಿದಿರುವುದರಿಂದ ಅದು ಓರೆಯಾಗಿಯೇ ನಿಲ್ಲುತ್ತದೆ. ಸೊಟ್ಟಗಿದೆ ಎಂದು ಆಮೇಲೆ ನೆಟ್ಟಗೆ ಮಾಡಲು ಹೋಗಬೇಡಿ. ಎಲ್ಲ ಬೋಲ್ಟುಗಳನ್ನು ಬಿಗಿದ ನಂತರ ಕ್ವಾಲಿಟಿಯನ್ನು ಇನ್ನೊಮ್ಮೆ ನೋಡಿ. ಬಿಗಿಯುವಾಗಲೇ ಡಿಶ್ ಅರ್ಧ ಡಿಗ್ರಿ ಜರುಗುವುದು ಸಾಮಾನ್ಯ. ಕೊನೆಗೆ ಸಿಕ್ಕ ಅಂಕಿಯನ್ನು ಬಿಲ್ಲಿನ ಹಿಂದೆ ಬರೆದಿಡಿ. ಮುಂದೆ ಚಿತ್ರ ಕೆಟ್ಟಾಗ ಡಿಶ್ ಅಲುಗಿದೆಯೋ ಇಲ್ಲವೋ ಎಂಬುದು ಆ ಅಂಕಿಯೊಡನೆ ಹೋಲಿಸಿದರೆ ತಿಳಿಯುತ್ತದೆ.

ಜೋರು ಮಳೆಯಲ್ಲಿ ಹತ್ತು-ಹದಿನೈದು ನಿಮಿಷ ಚಿತ್ರ ಹೋಗುವುದು ದೋಷವಲ್ಲ. ಈ ಡಿಶ್‌ಗಳು ಹಿಡಿಯುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳು ತಡೆಯುತ್ತವೆ. ಮಳೆ ನಿಂತು ಗಂಟೆ ಕಳೆದರೂ ಬಾರದಿದ್ದರೆ, ಅಥವಾ ತುಂತುರಿಗೇ ಪ್ರತಿಬಾರಿ ಹೋಗುತ್ತಿದ್ದರೆ, ಕನೆಕ್ಟರಿನಲ್ಲಿ ನೀರು ಸೇರಿದೆಯೆಂದೋ ಗುರಿ ಜರುಗಿದೆಯೆಂದೋ ತಿಳಿಯಬೇಕು. ಹಾಗೆಯೇ ಮಾರ್ಚ್ ಮತ್ತು ಸೆಪ್ಟೆಂಬರಿನ ಆ ಕೆಲವು ದಿನ, ಸೂರ್ಯ ಉಪಗ್ರಹದ ಹಿಂದೆ ಬಂದಾಗ ಅವನಿಂದ ಬರುವ ರೇಡಿಯೊ ತರಂಗಗಳೂ ಡಿಶ್ಶಿಗೆ ಬಿದ್ದು ಕೆಲವು ನಿಮಿಷ ಚಿತ್ರ ಒಡೆಯಬಹುದು. ಅದಕ್ಕಾಗಿ ಸರ್ವಿಸಿನವರನ್ನು ಕರೆಸಿ ವಿಸಿಟಿಂಗ್ ಚಾರ್ಜ್ ಕೊಡುವ ಅಗತ್ಯವಿಲ್ಲ.